ಸೊಂಟದ ರಿವಾಲ್ವರ್ ಕಾಡಿಗೆ ಆಗದು, ತೋಟಕ್ಕೂ ಬೇಡ

ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಯ ಕಾಡಂಚಿನ ಊರುಗಳಲ್ಲಿ ಒಂದು ಪ್ರಶ್ನೆ ಈಗೀಗ ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ. ತೋಟ ಕಾಯಲು ಕೋವಿ ಇದೆ, ಅದರ ಜೊತೆಗೆ ಸೊಂಟದಲ್ಲಿ ಒಂದು ರಿವಾಲ್ವರ್ ಇದ್ದರೆ ಆಗದೇ? ಕೋವಿ ಕೈಕೊಟ್ಟ ಗಳಿಗೆಗೆ ಅದು ಒದಗೀತಲ್ಲ? ಚಾರಣಕ್ಕೆ ಹೋಗುವ ಹುಡುಗರ ಪ್ರಶ್ನೆಯೂ ಹೆಚ್ಚುಕಡಿಮೆ ಇದೇ. ಚಾರ್ಮಾಡಿ, ದಿಡುಪೆ, ಬಂಡಾಜೆ ಕಡೆ ಆನೆ, ಕಾಟಿ ಇರುತ್ತವೆ. ಚೀಲದಲ್ಲಿ ಒಂದು ಸಣ್ಣ ಆಯುಧ ಇದ್ದರೆ ಧೈರ್ಯವಲ್ಲವೇ? ಮೂಡುಬಿದಿರೆಯಲ್ಲಿರುವ ನನ್ನ ತಂಗಿಯ ಮಗ ಕಳೆದ ದೀಪಾವಳಿಗೆ ಬಂದಾಗ ನೇರವಾಗಿಯೇ ಕೇಳಿದ: "ಮಾವ, ಯಾವ ರಿವಾಲ್ವರ್ ಒಳ್ಳೆಯದು?"

ಯಾವುದೂ ಬೇಡ ಮಾರಾಯ ಎಂದೆ. ಅವನಿಗೆ ಅವತ್ತು ಹೇಳಿದ ಕಾರಣಗಳನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ. ಈ ಪ್ರಶ್ನೆ ಕೇಳುವವರು ಅವನೊಬ್ಬನೇ ಅಲ್ಲ, ಅದರ ಹಿಂದಿರುವ ಹೆದರಿಕೆಯೂ ಸುಳ್ಳಲ್ಲ.

ನಾನು ಬೆಳ್ತಂಗಡಿ ತಾಲ್ಲೂಕಿನ ನಾರಾವಿ ಕಡೆಯ ಅಡಿಕೆ ಬೆಳೆಗಾರ. ತೋಟದ ತಲೆಯ ಮೇಲೆ ಗುಡ್ಡ, ಗುಡ್ಡದಾಚೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು. ನಮ್ಮ ಮನೆಯಲ್ಲಿ ತಂದೆಯ ಕಾಲದಿಂದ ಬೆಳೆ ರಕ್ಷಣೆಯ ಕೋವಿ ಇದೆ. ಮೊದಲು ಇದ್ದದ್ದು ಕೇಪಿನ ಕೋವಿ. ಬಾಯಿಯಿಂದ ಮದ್ದು ಹಾಕಿ, ತೆಂಗಿನ ನಾರು ತುರುಕಿ, ಗಜಕಡ್ಡಿಯಲ್ಲಿ ಜಡಿದು, ಕೊನೆಗೆ ಕೇಪು ಕೂರಿಸಬೇಕು. ಆಟಿಯ ಮಳೆಯಲ್ಲಿ ಮದ್ದು ತಂಡಿ ಹಿಡಿದರೆ ಕೇಪು ಮಾತ್ರ ಚಟ್ ಎನ್ನುತ್ತಿತ್ತು, ಈಡಾಗುತ್ತಿರಲಿಲ್ಲ. ಹಾಗಾಗಿ ತಂದೆ ಮದ್ದಿನ ಡಬ್ಬಿಯನ್ನು ಅಡುಗೆಮನೆಯ ಒಲೆಯಿಂದ ದೂರ, ಆದರೆ ಬೆಚ್ಚಗಿನ ಅಟ್ಟದಲ್ಲಿ ಬೀಗ ಹಾಕಿ ಇಡುತ್ತಿದ್ದರು. ಈಗ ಇರುವುದು ಒಂಟಿ ನಳಿಗೆಯ ತೋಟೆ ಕೋವಿ, ಹನ್ನೆರಡು ಬೋರಿನದು. ಕೋವಿಯನ್ನು ದೂರುವ ಮನುಷ್ಯ ನಾನಲ್ಲ. ಕೋವಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ಕತ್ತಲೆಯಲ್ಲಿ ತೋಟದ ಬದುವಿನ ಮೇಲೆ ನಿಂತು ಕಲಿತವನು.

ಮೊದಲು ಬೇಟೆಯ ಮಾತು. ತುಳುನಾಡಿನಲ್ಲಿ ಬೇಟೆಗೆ ಹಳೆಯ ಜಾಗವಿದೆ. ಭೂಮಿತಾಯಿ ವಿಶ್ರಾಂತಿಯಲ್ಲಿರುತ್ತಾಳೆಂದು ನೆಲ ಅಗೆಯದ ಕೆಡ್ಡಸದ ದಿನಗಳಲ್ಲಿ ಗಂಡಸರು ಬೋಂಟೆಗೆ ಹೋಗುತ್ತಿದ್ದರು. ಊರಿಗೆ ಊರೇ ಕೂಡಿ ಕಾಡು ಸೋಯುತ್ತಿದ್ದ ಕತೆಗಳನ್ನು ನನ್ನ ಅಜ್ಜನ ಬಾಯಲ್ಲಿ ಕೇಳಿದ್ದೇನೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಬಾಗಿಲು ಮುಚ್ಚಿತು. ಅದರ ಸೆಕ್ಷನ್ 9 ಬೇಟೆಯನ್ನು ನಿಷೇಧಿಸುತ್ತದೆ. ಅಂದಮೇಲೆ ಬೇಟೆಗೆ ಜೊತೆಯಾಗಿ ರಿವಾಲ್ವರ್ ಎಂಬ ಮಾತಿಗೆ ನಮ್ಮ ನೆಲದಲ್ಲಿ ಅರ್ಥವೇ ಇಲ್ಲ. ಮಾಂಸಕ್ಕಾಗಿ ಕದ್ದು ಕಾಡು ಹತ್ತುವವರಿಗೆ ನಾನು ಸಲಹೆ ಹೇಳುವುದೂ ಇಲ್ಲ.

ಉಳಿಯುವುದು ಎರಡೇ ಪ್ರಶ್ನೆ: ತೋಟ ಕಾಯುವುದು ಮತ್ತು ಜೀವ ಕಾಯುವುದು. ಎರಡಕ್ಕೂ ಕಾನೂನು ಏನನ್ನುತ್ತದೆ ಎಂದು ನೋಡಿದರೆ ಅಚ್ಚರಿಯಾಗುವಷ್ಟು ತಿಳಿವಳಿಕೆ ಅದರಲ್ಲಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 13 ರೈತನ ಕೋವಿಯನ್ನು ಬೇರೆಯಾಗಿ ಗುರುತಿಸಿದೆ. ನಿಜವಾದ ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಲೈಸನ್ಸ್ ಕೊಡತಕ್ಕದ್ದು ಎನ್ನುತ್ತದೆ. ಅದು ಸಾಲದೆಂದು ಕಂಡರೆ ಇಪ್ಪತ್ತು ಇಂಚಿಗೆ ಕಡಿಮೆಯಿಲ್ಲದ ನಳಿಗೆಯ, ಒಳಗೆ ಗೀರಿಲ್ಲದ ಕೋವಿ ಕೊಡಬಹುದು ಎನ್ನುತ್ತದೆ. ರಿವಾಲ್ವರ್ ಈ ಸಾಲಿನಲ್ಲಿ ಇಲ್ಲ. ಅದನ್ನು ಕೇಳುವವನು ತಕ್ಕ ಕಾರಣವಿದೆಯೆಂದು ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. ಶಾಸನ ಬರೆದವರಿಗೆ ಗೊತ್ತಿತ್ತು: ಉದ್ದ ನಳಿಗೆ ಬೆಳೆಗೆ, ಗಿಡ್ಡ ನಳಿಗೆ ಮನುಷ್ಯರ ನಡುವಿನ ಜಗಳಕ್ಕೆ.

ಇನ್ನು ಆ ಗಿಡ್ಡ ನಳಿಗೆಯ ತಾಕತ್ತು. ನಮ್ಮ ದೇಶದಲ್ಲಿ ಸಾಮಾನ್ಯ ನಾಗರಿಕನಿಗೆ ಲೈಸನ್ಸಿನ ಮೇಲೆ ಸಿಗುವ ರಿವಾಲ್ವರ್ ಹೆಚ್ಚಾಗಿ .32 ಬೋರಿನದು. ಕಾನ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾಗುವುದು ಅದೇ. 2014ರಲ್ಲಿ ಮಹಿಳೆಯರ ರಕ್ಷಣೆಗೆಂದು ಬಂದ, ಅರ್ಧ ಕಿಲೋ ತೂಗುವ 'ನಿರ್ಭೀಕ್' ಕೂಡ ಅದೇ ಬೋರು. ಅದರ ಗುಂಡಿನ ತೂಕ ಸುಮಾರು ಆರು ಗ್ರಾಂ. ನಳಿಗೆಯಿಂದ ಹೊರಬೀಳುವಾಗ ಅದರ ಬಲ ನೂರೈವತ್ತು ಜೂಲ್‌ನ ಆಸುಪಾಸು. ನನ್ನ ಹನ್ನೆರಡು ಬೋರಿನ ತೋಟೆ ಅದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಬಲದಿಂದ ಹೊಡೆಯುತ್ತದೆ. ಅಷ್ಟಿದ್ದೂ ಒಂದು ಟನ್ ಹತ್ತಿರ ತೂಗುವ ಗಂಡು ಕಾಟಿಯ ಮುಂದೆ ಆ ತೋಟೆಯನ್ನು ನಂಬಿ ನಿಲ್ಲಲು ನನಗೆ ಧೈರ್ಯ ಸಾಲದು. ನಾಲ್ಕೈದು ಟನ್ನಿನ ಆನೆಯ ಮುಂದೆ .32 ಗುಂಡು ಎಂದರೆ ಅದನ್ನು ಕೆರಳಿಸುವ ಸಾಧನ, ಅಷ್ಟೆ. ಗಾಯಗೊಂಡ ಹಂದಿ ಹೇಗೆ ತಿರುಗಿ ಬರುತ್ತದೆ ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು.

ತೇಜಸ್ವಿಯವರು ಕನ್ನಡಕ್ಕೆ ತಂದ 'ಕಾಡಿನ ಕತೆಗಳು' ಓದಿ ಬೆಳೆದವರಿಗೆ ಕೆನೆತ್ ಆಂಡರ್ಸನ್ ಪರಿಚಿತ. ನರಭಕ್ಷಕಗಳ ಬೆನ್ನು ಹತ್ತಿದ ಆ ಮನುಷ್ಯ ನೆಚ್ಚಿಕೊಂಡದ್ದು .405 ವಿಂಚೆಸ್ಟರ್ ಎಂಬ ಭಾರಿ ರೈಫಲ್ಲನ್ನು. ಜಿಮ್ ಕಾರ್ಬೆಟ್ ಕೈಯಲ್ಲಿ ಇದ್ದದ್ದೂ ರೈಫಲ್ಲೇ. ಕಾಡು ಅರಿತವರು ಗಿಡ್ಡ ನಳಿಗೆಯನ್ನು ಪ್ರಾಣದ ಆಸರೆಯಾಗಿ ಹಿಡಿದವರಲ್ಲ.

ಅಮೆರಿಕದಲ್ಲಿ ಚಾರಣಿಗರೂ ಬೇಟೆಗಾರರೂ ಸೊಂಟದಲ್ಲಿ ರಿವಾಲ್ವರ್ ಕಟ್ಟಿಕೊಂಡು ಹೋಗುತ್ತಾರಲ್ಲ ಎಂದು ಅಳಿಯ ವಾದಿಸಿದ. ಹೋಗುತ್ತಾರೆ. ಅವರದು .44 ಮ್ಯಾಗ್ನಮ್‌ನಂಥ ದೊಡ್ಡ ಬೋರು, ನಮ್ಮ .32ರ ಏಳೆಂಟು ಪಟ್ಟು ಬಲದ್ದು. ಅವರ ಹೆದರಿಕೆ ಕರಡಿಯದು. ಅಲ್ಲಿಯೂ ಲೆಕ್ಕ ಏನು ಹೇಳುತ್ತದೆ ನೋಡಿ. ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತು ಸಂಗಡಿಗರು ಅಲಾಸ್ಕಾದ ಕರಡಿ ಮುಖಾಮುಖಿಗಳನ್ನು ಒಂದೊಂದಾಗಿ ಕಲೆಹಾಕಿ ಅಧ್ಯಯನ ಮಾಡಿದರು. ಖಾರದ ಸ್ಪ್ರೇ ಬಳಸಿದ ಘಟನೆಗಳಲ್ಲಿ ಹತ್ತರಲ್ಲಿ ಒಂಬತ್ತು ಸಲ ಕರಡಿ ಹಿಂದೆ ಸರಿದಿತ್ತು ಎಂದು 2008ರಲ್ಲಿ ಬರೆದರು. ಬಂದೂಕು ಹಿಡಿದಿದ್ದವರ 269 ಘಟನೆಗಳನ್ನು ನೋಡಿದ 2012ರ ಅಧ್ಯಯನದಲ್ಲಿ, ಗುಂಡು ಹಾರಿಸಿದವರಿಗೂ ಹಾರಿಸದವರಿಗೂ ಆದ ಪೆಟ್ಟಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಪ್ರಾಣಿ ನುಗ್ಗಿ ಬರುವುದು ಎರಡು ಮೂರು ಸೆಕೆಂಡಿನ ಆಟ. ಆ ಹೊತ್ತಿನಲ್ಲಿ ಆಯುಧ ತೆಗೆದು, ಗುರಿ ಹಿಡಿದು, ತಕ್ಕ ಜಾಗಕ್ಕೆ ಹೊಡೆಯುವುದು ನುರಿತವರಿಗೂ ಸುಲಭವಲ್ಲ. ವರ್ಷಕ್ಕೊಮ್ಮೆ ಗುಡ್ಡ ಹತ್ತುವ ಹುಡುಗನಿಗೆ ಅದು ಸಾಧ್ಯವೇ?

ನಮ್ಮ ತೋಟದ ರಾತ್ರಿಯನ್ನೇ ತೆಗೆದುಕೊಳ್ಳಿ. ಮಳೆ ಬಿಟ್ಟ ಮೇಲೆ ಅಡಿಕೆ ಬುಡದ ಹಸಿ ಮಣ್ಣಿನಲ್ಲಿ ಎರೆಹುಳ ಹುಡುಕಿಕೊಂಡು ಹಂದಿಗಳು ಇಳಿಯುತ್ತವೆ. ಮೂತಿಯಿಂದ ಮಣ್ಣು ಮಗುಚುವ ಸದ್ದು ಮೊದಲು ಕೇಳುತ್ತದೆ, ಆಮೇಲೆ ಬಾಳೆ ಬುಡ ಮುರಿಯುವ ಪಚಕ್. ಟಾರ್ಚ್ ಹಾಕಿದರೆ ಕಾಣುವುದು ಅಡಿಕೆ ಮರಗಳ ನೆರಳು, ನೆರಳಿನ ನಡುವೆ ಓಡುವ ಕಪ್ಪು. ಆ ಕಪ್ಪು ಹಂದಿಯೋ, ನೀರು ಬಿಡಲು ಬಂದ ಪಕ್ಕದ ತೋಟದವರೋ, ಎಮ್ಮೆಯ ಕರುವೋ ಎಂದು ತಿಳಿಯುವ ಮೊದಲು ಬೆರಳು ಆಡಿದರೆ ಮನೆ ಹಾಳು. ಹಂದಿಯೆಂದು ತಿಳಿದು ಮನುಷ್ಯನಿಗೆ ಹೊಡೆದ ಸುದ್ದಿ ಮಲೆನಾಡಿನಲ್ಲೂ ಕರಾವಳಿಯಲ್ಲೂ ಆಗಾಗ ಓದುತ್ತೇವೆ. ಉದ್ದದ ಕೋವಿ ಈ ವಿಷಯದಲ್ಲಿ ಒಂದು ಉಪಕಾರ ಮಾಡುತ್ತದೆ: ಅದನ್ನು ಎತ್ತಿ ಹೆಗಲಿಗೆ ಕೊಡಬೇಕು, ಕುದುರೆ ಎಳೆಯಬೇಕು, ನಿಲ್ಲಬೇಕು. ಅಷ್ಟರಲ್ಲಿ ಬುದ್ಧಿ ಬರುತ್ತದೆ. ನಮ್ಮಲ್ಲಿ ಬಹುಪಾಲು ಈಡು ಆಕಾಶಕ್ಕೇ ಹೋಗುತ್ತದೆ. ಬೆಳೆ ರಕ್ಷಣೆಯ ಲೈಸನ್ಸ್ ಇದ್ದರೂ ಪ್ರಾಣಿ ಕೊಲ್ಲಲು ಅದು ಪರವಾನಗಿಯಲ್ಲ. ಸದ್ದಿಗೇ ಹಿಂಡು ಗುಡ್ಡ ಹತ್ತಿದರೆ ಆ ರಾತ್ರಿಯ ಕೆಲಸ ಮುಗಿಯಿತು. ಆ ಸದ್ದಿಗೆ ಕೋವಿಯೇ ಸಾಕು, ಗರ್ನಾಲೂ ಆದೀತು.

ಈಗ ಚಾರಣದ ಹುಡುಗರಿಗೆ. ಕುದುರೆಮುಖ ಉದ್ಯಾನ ಘೋಷಣೆಯಾದದ್ದು 1987ರಲ್ಲಿ. ಅದರ ಅಂಚು ನಮ್ಮ ತಾಲ್ಲೂಕಿನ ಎಷ್ಟೋ ಗ್ರಾಮಗಳನ್ನು ತಾಗುತ್ತದೆ. ವನ್ಯಜೀವಿ ಕಾಯ್ದೆಯ ಸೆಕ್ಷನ್ 31ರ ಪ್ರಕಾರ ಲಿಖಿತ ಪೂರ್ವಾನುಮತಿ ಇಲ್ಲದೆ ಆಯುಧ ಹಿಡಿದು ಅಭಯಾರಣ್ಯದ ಒಳಗೆ ಹೋಗುವಂತಿಲ್ಲ. ಸೆಕ್ಷನ್ 35 ಅದನ್ನು ರಾಷ್ಟ್ರೀಯ ಉದ್ಯಾನಕ್ಕೂ ಅನ್ವಯಿಸುತ್ತದೆ. ಕಿಸೆಯಲ್ಲಿ ಲೈಸನ್ಸ್ ಇದ್ದ ಮಾತ್ರಕ್ಕೆ ಈ ತಡೆ ಸಡಿಲವಾಗುವುದಿಲ್ಲ. ಅಷ್ಟೇ ಅಲ್ಲ, ಅಂಥ ಕಾಡಿನ ಹತ್ತು ಕಿಲೋಮೀಟರ್ ಒಳಗೆ ವಾಸಿಸುವ ಲೈಸನ್ಸ್‌ದಾರರು ಹೆಸರು ನೋಂದಾಯಿಸಬೇಕು. ಅಲ್ಲಿ ಹೊಸ ಲೈಸನ್ಸ್ ಕೊಡಲು ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು ಎಂದು ಸೆಕ್ಷನ್ 34 ಹೇಳುತ್ತದೆ.

ಕಾನೂನು ಪಕ್ಕಕ್ಕಿಡೋಣ. ಈ ಗುಡ್ಡಗಳಲ್ಲಿ ಜೀವ ತೆಗೆಯುವುದು ಏನು? ಟಿಪ್ಪು 1794ರಲ್ಲಿ ಕೋಟೆ ಕಟ್ಟಿಸಿದ ಗಡಾಯಿಕಲ್ಲಿನ ಮೆಟ್ಟಿಲು ಮಳೆಗಾಲದಲ್ಲಿ ಪಾಚಿ ಹಿಡಿದು ಜಾರುತ್ತವೆ. ಎರ್ಮಾಯಿ, ಬಂಡಾಜೆಯಂಥ ಅರ್ಬಿಗಳಲ್ಲಿ (ಜಲಪಾತಗಳಲ್ಲಿ) ಮೇಲಿನ ಘಟ್ಟದಲ್ಲಿ ಸುರಿದ ಮಳೆ, ಕೆಳಗೆ ಬಿಸಿಲಿರುವಾಗಲೇ ಕೆಂಪು ನೀರಾಗಿ ನುಗ್ಗುತ್ತದೆ. ಚಾರ್ಮಾಡಿ ಘಾಟಿ 2019ರ ಆಗಸ್ಟ್‌ನಲ್ಲಿ ಕುಸಿದದ್ದನ್ನು ಎಲ್ಲರೂ ನೋಡಿದ್ದೇವೆ. ಬಲ್ಲಾಳರಾಯನ ದುರ್ಗದ ಹುಲ್ಲುಗುಡ್ಡದಲ್ಲಿ ಮಂಜು ಕವಿದರೆ ದಾರಿ ತಪ್ಪಲು ಹೆಚ್ಚು ಹೊತ್ತು ಬೇಡ. ಹೆಜ್ಜೇನು ಎದ್ದರೆ ಓಡುವುದೊಂದೇ ದಾರಿ. ಇವುಗಳಲ್ಲಿ ಯಾವುದಕ್ಕೆ ರಿವಾಲ್ವರ್ ಹಾರಿಸುತ್ತೀರಿ?

ಪ್ರಾಣಿ ಎದುರಾದರೂ ಅಷ್ಟೆ. ಕಾಟಿ ಮೂಗಿನಿಂದ ಬುಸ್ ಎಂದು ಗಾಳಿ ಬಿಟ್ಟು ನಿಂತು ನೋಡಿದರೆ ಅದು ನಿಮಗೆ ಕೊಡುತ್ತಿರುವ ಸಮಯ. ಕೂಗಬೇಡಿ, ಬೆನ್ನು ತಿರುಗಿಸಬೇಡಿ, ಬಂದ ದಾರಿಯಲ್ಲೇ ನಿಧಾನ ಹಿಂದೆ ಸರಿದು ಅದಕ್ಕೆ ಹೋಗಲು ದಾರಿ ಬಿಡಿ. ಆನೆಯ ಹಸಿ ಲದ್ದಿ, ಮುರಿದ ಬೈನೆ ಮರ, ಬಿದಿರಿನ ಲಟಲಟ ಸದ್ದು ಸಿಕ್ಕಿದರೆ ಆ ದಿನದ ಚಾರಣ ಅಲ್ಲಿಗೇ ಮುಗಿಸಿ. ಊರಿನ ಒಬ್ಬ ಮಾರ್ಗದರ್ಶಿ ಇದ್ದರೆ ಇದೆಲ್ಲ ನಿಮ್ಮ ಕಣ್ಣಿಗೆ ಬೀಳುವ ಮೊದಲೇ ಅವನ ಕಣ್ಣಿಗೆ ಬಿದ್ದಿರುತ್ತದೆ. ಬಂಟ್ವಾಳದ ಕಾರಿಂಜ ಬೆಟ್ಟದಲ್ಲಿ ಪೂಜೆಯ ಅನ್ನವನ್ನು ಮಂಗಗಳಿಗೂ ಬಡಿಸುವ ಪದ್ಧತಿ ಇವತ್ತಿಗೂ ಇದೆ. ಪ್ರಾಣಿಯ ಪಾಲನ್ನು ಒಪ್ಪಿಕೊಂಡೇ ಈ ಸೀಮೆ ಬದುಕಿದೆ. ಕಾಡಿಗೆ ಹೋಗುವವನ ಮನಸ್ಸಿನಲ್ಲಿ ಮೊದಲು ಇರಬೇಕಾದದ್ದು ಆ ಅರಿವು.

ನನ್ನ ಇನ್ನೂ ದೊಡ್ಡ ಆತಂಕ ಮನೆಯೊಳಗಿನದು. ಕೋವಿ ಅಡಗಿಸಲಾಗದ ವಸ್ತು. ಹೆಗಲಿಗೆ ಹಾಕಿ ಹೊರಟರೆ ನೆರೆಹೊರೆಯವರು ನೋಡುತ್ತಾರೆ, ಯಾಕೆ ಎಂದು ಕೇಳುತ್ತಾರೆ. ರಿವಾಲ್ವರ್ ಹಾಗಲ್ಲ. ಅದು ಅಂಗಿಯ ಕೆಳಗೆ ಕೂರುತ್ತದೆ, ಮದುವೆಗೂ ಬರುತ್ತದೆ, ಗಡಿಕಲ್ಲಿನ ಜಗಳಕ್ಕೂ ಬರುತ್ತದೆ, ಎರಡು ಪೆಗ್ ಹಾಕಿದ ರಾತ್ರಿಗೂ ಬರುತ್ತದೆ. ಸಾಲ, ಅಡಿಕೆಗೆ ಹಳದಿ ರೋಗ, ಮನೆಯ ಬೇಸರ ಎಲ್ಲ ಸೇರಿ ಮನುಷ್ಯ ಕುಗ್ಗಿ ಕುಳಿತ ಗಳಿಗೆಯಲ್ಲಿ ಅಂಥದ್ದೊಂದು ಕೈಗೆಟುಕುವ ಕಪಾಟಿನಲ್ಲಿ ಇರುವುದು ಯಾರಿಗೂ ಒಳ್ಳೆಯದಲ್ಲ. ಹಂದಿಗೆಂದು ತಂದದ್ದು ಹಂದಿಯನ್ನು ಬಿಟ್ಟು ಮನುಷ್ಯರನ್ನೇ ಹುಡುಕುತ್ತದೆ.

ಹೀಗೆಂದ ಮಾತ್ರಕ್ಕೆ ಕಾಡಂಚಿನವರ ಭಯ ಕಡಿಮೆಯದೆಂದು ನಾನು ಹೇಳುತ್ತಿಲ್ಲ. 2023ರ ಫೆಬ್ರವರಿಯಲ್ಲಿ ನೆರೆಯ ಕಡಬ ತಾಲ್ಲೂಕಿನ ರೆಂಜಿಲಾಡಿಯಲ್ಲಿ ಬೆಳಗಿನ ಹೊತ್ತು ಹಾಲಿನ ಸೊಸೈಟಿಯ ಕೆಲಸಕ್ಕೆ ಹೊರಟಿದ್ದ ಯುವತಿಯನ್ನು ಆನೆ ಕೊಂದಿತು. ಅವಳ ಕೂಗು ಕೇಳಿ ಓಡಿ ಬಂದ ನೆರೆಮನೆಯವರೂ ಪ್ರಾಣ ಬಿಟ್ಟರು. ಆ ಸುದ್ದಿ ಓದಿದ ದಿನದಿಂದ ನಮ್ಮ ಊರಿನ ಹೆಂಗಸರು ಕತ್ತಲಿರುವಾಗ ಡೇರಿಗೆ ಹಾಲು ಒಯ್ಯಲು ಹಿಂದೆಮುಂದೆ ನೋಡುತ್ತಾರೆ. ಅವರ ಕೈಗೆ ರಿವಾಲ್ವರ್ ಕೊಟ್ಟರೆ ಆಗುವುದೇನು? ಅವರಿಗೆ ಬೇಕಾದದ್ದು ರಾತ್ರಿ ಆನೆ ಯಾವ ಗುಡ್ಡದಲ್ಲಿತ್ತೆಂಬ ಸುದ್ದಿ ಬೆಳಗಿನ ಐದು ಗಂಟೆಗೆ ಮೊಬೈಲಿಗೆ ಬರುವುದು, ದಾರಿಯಲ್ಲಿ ದೀಪ, ಜೊತೆಗೆ ಇನ್ನಿಬ್ಬರು, ಕರೆದರೆ ಬರುವ ಅರಣ್ಯ ಇಲಾಖೆಯ ಪಡೆ.

ರೈತರ ಕೋವಿಯ ವಿಷಯದಲ್ಲಿ ಸರ್ಕಾರವೂ ತನ್ನ ಪಾಲಿನ ನ್ಯಾಯ ನಡೆಸಬೇಕು. ಚುನಾವಣೆ ಘೋಷಣೆಯಾದ ಕೂಡಲೇ ಬೆಳೆ ರಕ್ಷಣೆಯ ಕೋವಿಗಳೂ ಠಾಣೆಗೆ ಹೋಗಬೇಕಾಗುತ್ತದೆ. ಎಳೆ ಅಡಿಕೆಯನ್ನು ಮಂಗ ಉದುರಿಸುವ, ಗದ್ದೆಗೆ ಹಂದಿ ಇಳಿಯುವ ತಿಂಗಳುಗಳಲ್ಲಿ ರೈತ ಬರಿಗೈಯಲ್ಲಿ ನಿಲ್ಲುತ್ತಾನೆ. ಯಾರ ಆಯುಧ ಇಡಿಸಿಕೊಳ್ಳಬೇಕು, ಯಾರದು ಬೇಡ ಎಂದು ತೂಗಿ ನೋಡಲು ಜಿಲ್ಲಾ ಮಟ್ಟದಲ್ಲಿ ಪರಿಶೀಲನಾ ಸಮಿತಿ ಇರಬೇಕೆಂಬ ಸೂಚನೆ ಚುನಾವಣಾ ಆಯೋಗದ್ದೇ. ಆ ಸಮಿತಿ ಒಬ್ಬೊಬ್ಬರ ಹೆಸರು ನೋಡಿ ತೀರ್ಮಾನ ಮಾಡಲಿ. ಒಂದೇ ಮೊಹರಿನಲ್ಲಿ ಎಲ್ಲರನ್ನೂ ಅನುಮಾನಿಸುವುದು ಬೇಡ. ಒಮ್ಮೆ ಠಾಣೆಯೊಂದರಲ್ಲಿ ಇಟ್ಟ ನನ್ನ ಕೋವಿ ತುಕ್ಕು ಹಿಡಿದ ನಳಿಗೆಯೊಂದಿಗೆ ಮರಳಿತು. ಅದನ್ನು ಎಣ್ಣೆ ಹಾಕಿ ಉಜ್ಜುವಾಗ ಆದ ಸಂಕಟ ಕಬ್ಬಿಣದ್ದಲ್ಲ, ಅಪನಂಬಿಕೆಯದು.

ಕಾನೂನಿನ ಕೋವಿ ಮೂಲೆ ಸೇರಿದರೆ ಅದರ ಜಾಗಕ್ಕೆ ಬರುವುದು ಉರುಳು ಮತ್ತು ಕರೆಂಟಿನ ತಂತಿ. ಹಂದಿಗೆಂದು ಇಟ್ಟ ಉರುಳಿನಲ್ಲಿ ಚಿರತೆ ಸಿಕ್ಕಿ ನರಳುತ್ತದೆ. ಬೇಲಿಗೆ ನೇರ ವಿದ್ಯುತ್ ಕೊಟ್ಟವನ ತಂತಿಗೆ ಆನೆಯೂ ಬೀಳುತ್ತದೆ, ಮನುಷ್ಯನೂ ಬೀಳುತ್ತಾನೆ. ಇವೆರಡನ್ನೂ ನಾವು ರೈತರೇ ಊರಲ್ಲಿ ನಿಂತು ತಡೆಯಬೇಕು. ಹಾಗೆ ತಡೆಯುವ ಬಾಯಿ ನಮಗೆ ಬರಬೇಕಾದರೆ ನೇರ ದಾರಿ ತೆರೆದಿರಬೇಕು.

ಆ ದಾರಿ ಕಾಯ್ದೆಯಲ್ಲೇ ಇದೆ. ವನ್ಯಜೀವಿ ಕಾಯ್ದೆಯ ಸೆಕ್ಷನ್ 11, ಬೆಳೆಗೋ ಜೀವಕ್ಕೋ ಅಪಾಯ ತರುವ ಹಂದಿಯಂಥ ಪ್ರಾಣಿಯನ್ನು ಹೊಡೆಯಲು ಅನುಮತಿ ಕೊಡುವ ಅಧಿಕಾರವನ್ನು ಮುಖ್ಯ ವನ್ಯಜೀವಿ ಪರಿಪಾಲಕರಿಗೂ ಅವರು ಅಧಿಕಾರ ಕೊಟ್ಟವರಿಗೂ ನೀಡಿದೆ. ಕೇರಳ ಸರ್ಕಾರ 2022ರಲ್ಲಿ ಕಾಡುಹಂದಿಯ ವಿಷಯದಲ್ಲಿ ಈ ಅಧಿಕಾರವನ್ನು ಪಂಚಾಯತಿ, ನಗರಸಭೆಗಳ ಮಟ್ಟಕ್ಕೆ ಇಳಿಸಿತು. ಗಡಿಯಾಚೆ ಕಾಸರಗೋಡಿನ ಬೆಳೆಗಾರನಿಗೆ ಇರುವ ದಾರಿ ಬಂಟ್ವಾಳದ ಬೆಳೆಗಾರನಿಗೆ ಯಾಕಿಲ್ಲ? ಪಂಚಾಯತಿ ಕೋರಿಕೆ, ಅರಣ್ಯಾಧಿಕಾರಿಯ ಸ್ಥಳ ಪರಿಶೀಲನೆ, ತರಬೇತಾದ ಲೈಸನ್ಸ್‌ದಾರನ ಕೋವಿ, ಕೊಂದ ಪ್ರಾಣಿಗೆ ಸರಿಯಾದ ಲೆಕ್ಕ: ಇಷ್ಟಿದ್ದರೆ ಕಳ್ಳಬೇಟೆಗೂ ಕಡಿವಾಣ ಬೀಳುತ್ತದೆ. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 2029ರವರೆಗೆ ಇರುವ ಲೈಸನ್ಸ್ ವಿನಾಯಿತಿಯನ್ನು ನಾವು ಕೇಳುತ್ತಿಲ್ಲ. ಅದು ಅವರ ಚರಿತ್ರೆಯಿಂದ ಬಂದದ್ದು. ನಮಗೆ ಬೇಕಾದದ್ದು ಅರ್ಜಿಗೆ ಸಕಾಲದಲ್ಲಿ ಉತ್ತರ, ಐದು ವರ್ಷಕ್ಕೊಮ್ಮೆ ಅಲೆದಾಟವಿಲ್ಲದ ನವೀಕರಣ, ಬೆಳೆ ಹಾಳಾದಾಗ ತೋಟಕ್ಕೆ ಬಂದು ನೋಡುವ ಅಧಿಕಾರಿ ಮತ್ತು ಮುಂದಿನ ಮಳೆಯೊಳಗೆ ಕೈಗೆ ಬರುವ ಪರಿಹಾರ.

ಅಳಿಯನಿಗೆ ಹೇಳಿದ್ದನ್ನೇ ಎಲ್ಲ ಯುವಕರಿಗೆ ಹೇಳುತ್ತೇನೆ. ರಿವಾಲ್ವರಿಗೆಂದು ಕೂಡಿಟ್ಟ ಹಣದಲ್ಲಿ ಒಳ್ಳೆಯ ಟಾರ್ಚ್, ಜಾರದ ಶೂ, ಸೀಟಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಕೊಳ್ಳಿ. ಉಳಿದದ್ದನ್ನು ಊರಿನ ಮಾರ್ಗದರ್ಶಿಗೆ ಕೊಡಿ. ಅನುಮತಿ ಪಡೆದೇ ಗುಡ್ಡ ಹತ್ತಿ, ಕತ್ತಲಾಗುವ ಮೊದಲು ಇಳಿಯಿರಿ, ಒಬ್ಬರೇ ಹೋಗಬೇಡಿ. ತೋಟದವರು ಕೋವಿಯನ್ನು ಬೀಗದೊಳಗೆ ಇಡಿ, ತೋಟೆಯನ್ನು ಬೇರೆ ಕಡೆ ಇಡಿ, ಗುರುತು ಹತ್ತದ ಸದ್ದಿಗೆ ಎಂದಿಗೂ ಈಡು ಹೊಡೆಯಬೇಡಿ. ಮತ್ತು ನಮ್ಮ ಮೂರೂ ತಾಲ್ಲೂಕಿನ ಗ್ರಾಮಸಭೆಗಳಲ್ಲಿ ಹಂದಿ, ಮಂಗ, ಆನೆಯ ವಿಷಯ ಬಂದಾಗ ಎದ್ದು ನಿಂತು ಈ ಬೇಡಿಕೆಗಳನ್ನು ನಿರ್ಣಯದಲ್ಲಿ ಬರೆಸಿ. ಸೊಂಟಕ್ಕೆ ಕಟ್ಟಿದ ಆರು ಗುಂಡು ಒಬ್ಬನಿಗೆ ಹುಸಿ ಧೈರ್ಯ ಕೊಡಬಹುದು. ಗ್ರಾಮಸಭೆಯ ಒಂದು ಗಟ್ಟಿ ನಿರ್ಣಯ ಇಡೀ ಊರಿನ ತೋಟವನ್ನೂ ಜೀವವನ್ನೂ ಕಾಯಬಲ್ಲದು.